ದೊಡ್ಡಳಿಯನ ಬೆರಳು, ಚಿಕ್ಕಳಿಯನ ಸೀಮೆಸುಣ್ಣ

ಮಾವನ ಷೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಅಳತೆ ನೋಡುವವನು ಒಬ್ಬ, ಮೆಷಿನ್ ಓಡಿಸುವವನು ಇನ್ನೊಬ್ಬ. ಹಳೇ ಕಾರಿನ ಎಂಜಿನ್ ಬಂದಾಗ ಅಳತೆಯವನು ಅದರ ಸಿಲಿಂಡರನ್ನೂ ಅದರೊಳಗೆ ಏರಿಳಿಯುವ ಪಿಸ್ಟನ್ನನ್ನೂ ಪರೀಕ್ಷೆ ಮಾಡಿ, ಎಷ್ಟಕ್ಕೆ ಕೊರೆಯಬೇಕೆಂದು ತೀರ್ಮಾನಿಸಿ, ಸಿಲಿಂಡರುಗಳೆಲ್ಲ ಇರುವ ಕಬ್ಬಿಣದ ಬ್ಲಾಕಿನ ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆಯುತ್ತಿದ್ದ. ಮೆಷಿನ್ನಿನವನು ಆ ಅಂಕಿಗೆ ಕೊರೆಯುತ್ತಿದ್ದ. ಅಂಕಿಗೆ ಅವನು ಎದುರಾಡುವಂತಿಲ್ಲ, ತಪ್ಪಾದರೆ ಅದು ಬರೆದವನ ತಲೆಗೆ.

ಸೀಮೆಸುಣ್ಣ ಚಿಕ್ಕಳಿಯನ ಜೇಬಿನಲ್ಲಿತ್ತು. ಮೆಷಿನ್ ದೊಡ್ಡಳಿಯನ ಪಾಲಿಗೆ ಬಂದಿತ್ತು. ಒಬ್ಬ ಮನುಷ್ಯನಿಗೆ ಹೊಟ್ಟೆ ಉರಿಯಲು ಇನ್ನೇನು ಬೇಕು ಹೇಳಿ?

ದೊಡ್ಡಳಿಯ ಆ ಷೆಡ್ಡಿಗೆ ಅಳಿಯನಾಗುವ ಮೊದಲೇ ಕೆಲಸಗಾರನಾಗಿ ಬಂದವನು. ಗ್ರೀಸಿನ ಡಬ್ಬ ಎತ್ತಿಡುವುದರಿಂದ ಶುರುಮಾಡಿ, ಮಾವನ ಕೈಕೆಳಗೆ ಒಂದೊಂದೇ ವಿದ್ಯೆ ಕಲಿತು, ಕೊನೆಗೆ ಮಾವನ ದೊಡ್ಡ ಮಗಳನ್ನೂ ಮದುವೆಯಾದ. ಸಿಲಿಂಡರಿನ ಒಳಗೆ ತೋರುಬೆರಳು ಇಳಿಸಿ ಸುತ್ತ ಒಮ್ಮೆ ಸವರಿದರೆ ಎಲ್ಲಿ ಸವೆದಿದೆ, ಎಲ್ಲಿ ಗೀರು ಬಿದ್ದಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಆ ಬೆರಳಿನ ಮೇಲೆ ಅವನಿಗೆ ಎಷ್ಟು ಅಭಿಮಾನವೆಂದರೆ, ಮನೆಯಲ್ಲಿ ಬಿಸಿ ಪಾತ್ರೆ ಇಳಿಸುವಾಗಲೂ ಅದೊಂದನ್ನು ಮಡಿಚಿಟ್ಟುಕೊಳ್ಳುತ್ತಿದ್ದ. ಹೆಂಡತಿ ನೋಡಿ ನಗುತ್ತಿದ್ದಳು. ನಗಲಿ ಬಿಡಿ, ಅವಳಿಗೇನು ಗೊತ್ತು.

ಆಮೇಲೆ ಮಾವನ ಚಿಕ್ಕ ಮಗಳ ಮದುವೆಯಾಯಿತು. ಅವಳ ಗಂಡನೂ ಇದೇ ಕಸುಬಿನವನು. ಬಂದವನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಬಂದ ಹೊಸದರಲ್ಲಿ ಯಾರೋ ಒಂದು ಅನಾಥ ಬ್ಲಾಕ್ ತಂದು ಇಳಿಸಿದರು. ಯಾವ ಕಾರಿನದೆಂದು ತಂದವರಿಗೇ ಗೊತ್ತಿಲ್ಲ, ಕಂಪನಿಯ ಪುಸ್ತಕವೂ ಇಲ್ಲ. ದೊಡ್ಡಳಿಯ ಒಂದು ಪಿಸ್ಟನ್ ತೆಗೆದು, ತಲೆಯ ಮೇಲಿನ ಮಸಿ ಕೆರೆದು, ಅಲ್ಲಿ ಒತ್ತಿದ್ದ ಅಂಕಿ ಓದಿ, "ನಲವತ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ.

ಆ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. ಸಿಲಿಂಡರ್ ಸವೆದರೆ ಅದನ್ನು ಚೂರು ಅಗಲ ಮಾಡಿ ಕೊರೆದು, ಚೂರು ದೊಡ್ಡ ಪಿಸ್ಟನ್ ಹಾಕುತ್ತಾರೆ. ಮೂಲ ಅಳತೆಗೆ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಅದರಿಂದಾಚೆಗೆ ಇಪ್ಪತ್ತು, ನಲವತ್ತು, ಅರವತ್ತು. ಒಂದಿಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಅಷ್ಟು ಪಾಲು ಹೆಚ್ಚು ಎಂದರ್ಥ. ಮಿತಿ ಮೀರಿ ಕೊರೆದರೆ ಗೋಡೆ ತೂತಾಗಿ, ಎಂಜಿನ್ ತಣ್ಣಗಿಡಲು ಆಚೆ ಹರಿಯುವ ನೀರು ಒಳಗೆ ನುಗ್ಗುತ್ತದೆ, ಬ್ಲಾಕ್ ಗುಜರಿಗೆ ಹೋಗುತ್ತದೆ.

ದೊಡ್ಡಳಿಯ "ನಲವತ್ತು" ಎಂದನಲ್ಲ, ಹೊಸ ಅಳಿಯ ಮೆಲ್ಲಗೆ ಮುಂದೆ ಬಂದ. ಸಿಲಿಂಡರಿನ ಬಾಯಂಚನ್ನು ಮುಟ್ಟಿ ನೋಡಿದ. ಪಿಸ್ಟನ್ ಅಲ್ಲಿಯವರೆಗೆ ಏರಿ ಉಜ್ಜುವುದಿಲ್ಲವಾದ್ದರಿಂದ ಆ ಅಂಚು ಸವೆಯುವುದಿಲ್ಲ, ಹಿಂದಿನ ಸಲ ಎಷ್ಟಕ್ಕೆ ಕೊರೆದಿದ್ದರೆಂದು ಅದೇ ಹೇಳುತ್ತದೆ. ಅಲ್ಲಿ ಅಳತೆ ಹಿಡಿದ. ಆಮೇಲೆ ಪಿಸ್ಟನ್ನನ್ನು ತಿರುಗಿಸಿ ಅಡ್ಡಕ್ಕೆ ಅಳೆದ. ನೋಡಲು ದುಂಡಗಿದ್ದರೂ ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ನಡುವೆ ತೂರಿಸಿರುವ ಪಿನ್ನಿಗೆ ಅಡ್ಡಲಾಗಿ ಅಳೆದರೇ ನಿಜವಾದ ಅಳತೆ ಸಿಗುವುದು.

"ಮಾವ, ಈ ಪಿಸ್ಟನ್ನು ಈ ಎಂಜಿನ್ನಿಂದಲ್ಲ. ಯಾವುದೋ ನೀರೆತ್ತೋ ಪಂಪಿಂದು ತಂದು ತುರುಕಿದ್ದಾರೆ. ಅಂಕಿ ನಂಬಿಕೊಂಡು ಕೊರೆದರೆ ಕೆಟ್ಟೆವು," ಎಂದ.

ಮಾವ ತಾವೂ ಅಳೆದು ನೋಡಿದರು. ಹುಂ ಎಂದರು. ಮಾರನೇ ದಿನ ಸೀಮೆಸುಣ್ಣದ ಡಬ್ಬಿ ತೆಗೆದು ಚಿಕ್ಕಳಿಯನ ಕೈಗಿಟ್ಟು, ದೊಡ್ಡಳಿಯನಿಗೆ, "ನೀನು ಮೆಷಿನ್ ಹತ್ರ ಇರಪ್ಪಾ," ಎಂದುಬಿಟ್ಟರು. ಇಷ್ಟೇ ಮಾತು. ಯಾಕೆ, ಏನು, ಒಂದೂ ಇಲ್ಲ. ಮಾವನಿಗೆ ಮಾತೆಂದರೆ ಮೊದಲಿನಿಂದಲೂ ಜಿಪುಣತನ.

ಅಂದಿನಿಂದ ದೊಡ್ಡಳಿಯನ ಕಣ್ಣಿಗೆ ಚಿಕ್ಕಳಿಯ ಮಾಡಿದ್ದೆಲ್ಲ ಕುಕ್ಕತೊಡಗಿತು. ಅವನು ಅಳತೆ ಹಿಡಿಯುವ ಮೈಕ್ರೋಮೀಟರನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವ ರೀತಿ ಕುಕ್ಕಿತು. ಹಳೇ ಕಾರಿನ ಯಜಮಾನರು ಬಂದರೆ ನೆಟ್ಟಗೆ ಅಳತೆ ಮೇಜಿನ ಹತ್ತಿರ ಹೋಗಿ ಕೂರುವುದು ಕುಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ, ಅಂಕಿ ಬರೆದಾದ ಮೇಲೆ ಮೆಷಿನ್ ಕೋಣೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದನಲ್ಲ, ಅದು. ದೊಡ್ಡಳಿಯ ಬ್ಲಾಕಿನ ಹತ್ತಿರ ಬರುವುದು, ಬೆರಳು ಇಳಿಸುವುದು, ಮೆಷಿನ್ ಹಚ್ಚುವುದು, ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿ, ಮೆಷಿನ್ ಸದ್ದು ಶುರುವಾದ ಮೇಲಷ್ಟೇ ಹೋಗುತ್ತಿದ್ದ. 'ಮೇಲ್ವಿಚಾರಣೆ! ದೊರೆ ಬಂದು ನಿಂತ! ನಾನೇನು ಇವನ ಕೂಲಿಯವನೇ?' ಎಂದು ದೊಡ್ಡಳಿಯ ಪ್ರತಿ ಸಲವೂ ಹಲ್ಲು ಕಡಿಯುತ್ತಿದ್ದ.

ಮನೆಗೆ ಹೋದರೆ ಅಲ್ಲೂ ಬಿಡುಗಡೆಯಿಲ್ಲ.

"ರೀ, ಕೇಳಿದ್ರಾ? ನಿಮ್ಮ ಷಡ್ಡಕರು ಯಾವ ಪಾತ್ರೆಗೆ ಯಾವ ಮುಚ್ಚಳ ಅಂತ ಕಣ್ಣಲ್ಲೇ ನೋಡಿ ಹೇಳ್ತಾರಂತೆ. ತಂಗಿ ಹೇಳ್ತಾ ಇದ್ಲು."

"ಹಾಗಾದ್ರೆ ಅವನ ಬಾಯಿಗೂ ಒಂದು ಮುಚ್ಚಳ ಹುಡುಕಿಕೊಳ್ಳೋಕೆ ಹೇಳು."

"ಅಯ್ಯೋ, ತಮಾಷೆಗೆ ಅಂದ್ರೆ ಮೈಮೇಲೆ ಬರ್ತೀರಲ್ಲ! ಅವರಾದ್ರೂ ಮಾತೆತ್ತಿದ್ರೆ ಅಣ್ಣ ಅಣ್ಣ ಅಂತಾರೆ. ನೀವು ಒಂದು ದಿನ ಅವರ ಜೊತೆ ಕೂತು ಟೀ ಕುಡಿದದ್ದು ನಾನು ಕಂಡಿಲ್ಲ."

"ಕುಡೀತೀನಿ ಬಿಡು. ಅವನ ಸೀಮೆಸುಣ್ಣ ಒಂದು ಸಲ ಕೈ ಕೊಡಲಿ, ಅವತ್ತು ನಾನೇ ಟೀ ಕಾಸಿ ಕುಡಿಸ್ತೀನಿ."

ಹೆಂಡತಿ ಮೂಗು ಮುರಿದು ಒಳಗೆ ಹೋದಳು. ದೊಡ್ಡಳಿಯನಿಗೆ ತಾನು ಆಡಿದ ಮಾತು ತನಗೇ ಬಹಳ ರುಚಿಸಿತು. ಅದನ್ನು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಡಾಕ್ಟರಮ್ಮನ ಕಾರು ಬಂತು. ವಯಸ್ಸಾದ ಹೆಂಗಸು, ಕೋಲೂರಿಕೊಂಡು ನಡೆಯುತ್ತಿದ್ದರು. ರೋಗಿಗಳ ಮನೆಮನೆಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದ ಕಾರು. ಎಷ್ಟೋ ವರ್ಷ ಕೊಟ್ಟಿಗೆಯಲ್ಲಿ ನಿಂತು ಎಂಜಿನ್ ತುಕ್ಕು ಹಿಡಿದಿತ್ತು. "ಸಾಯೋದರೊಳಗೆ ಒಂದು ಸಲ ಇದರ ಸದ್ದು ಕೇಳಬೇಕು ಕಣಪ್ಪಾ," ಎಂದರು. ಆ ಕಾರು ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಇನ್ನೊಂದು ಬ್ಲಾಕ್ ಬೇಕೆಂದರೆ ಭೂಮಿ ಅಗೆದರೂ ಸಿಗದು. ಹುಡುಕಿ ಹುಡುಕಿ, ಮುಚ್ಚಿಹೋದ ಯಾವುದೋ ಬಿಡಿಭಾಗದ ಅಂಗಡಿಯ ಅಟ್ಟದಿಂದ ಹೊಸ ಪಿಸ್ಟನ್ನುಗಳ ಒಂದು ಸೆಟ್ ತಂದಿದ್ದರು. ಅದೊಂದೇ ಸೆಟ್, ಅರವತ್ತರದು.

ಚಿಕ್ಕಳಿಯ ಎರಡು ದಿನ ಆ ಬ್ಲಾಕಿನ ಸುತ್ತಲೇ ಸುತ್ತಿದ. ಹಳೇ ಪಿಸ್ಟನ್ ಅಳೆದ, ಸಿಲಿಂಡರಿನ ಬಾಯಂಚು ಅಳೆದ, ತುಕ್ಕು ತಿಂದ ಗುಳಿಗಳ ಆಳ ನೋಡಿದ. ಎಂಜಿನ್ ಇನ್ನೂ ಸ್ಟ್ಯಾಂಡರ್ಡ್ ಅಳತೆಯಲ್ಲೇ ಇತ್ತು. ಒಮ್ಮೆಲೆ ಅರವತ್ತಕ್ಕೆ ಹಾರಬೇಕು. ಕೊನೆಗೆ ಬ್ಲಾಕಿನ ಪಕ್ಕೆಯ ಮೇಲೆ ಬೆಳ್ಳಗೆ '60' ಎಂದು ಬರೆದು, ಅಡಿಗೆರೆ ಎಳೆದ. ಬರೆದಾದ ಮೇಲೂ ಸೀಮೆಸುಣ್ಣ ಜೇಬಿಗೆ ಹಾಕಿಕೊಳ್ಳದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ದೊಡ್ಡಳಿಯ ಇದನ್ನು ನೋಡಿದ, ಆದರೆ ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ದೊಡ್ಡಳಿಯ ಒಬ್ಬನೇ ಮೆಷಿನ್ ಕೋಣೆಯಲ್ಲಿ ಉಳಿದ. ಬ್ಲಾಕನ್ನು ಮೆಷಿನ್ ಮೇಲೆ ಕೂರಿಸಿಯಾಗಿತ್ತು. ಸಿಲಿಂಡರುಗಳ ಒಳಗೆ ತೊಳೆದಿದ್ದರೂ ಬ್ಲಾಕಿನ ಮೇಲ್ಮುಖಕ್ಕೆ ಹಳೆಯ ಮಸಿ ದಪ್ಪಗೆ ಅಂಟಿಕೊಂಡಿತ್ತು. ಅದನ್ನು ಕೆರೆಯುವುದು ಕೊರೆತ ಮುಗಿದ ಮೇಲಿನ ಕೆಲಸ. ದೊಡ್ಡಳಿಯ ಅಭ್ಯಾಸದಂತೆ ಅದರ ನಾಲ್ಕು ಸಿಲಿಂಡರುಗಳಿಗೆ ಒಂದೊಂದಾಗಿ ಬೆರಳು ಇಳಿಸುತ್ತ ಬಂದ. ಮೂರನೆಯದರಿಂದ ಬೆರಳು ತೆಗೆಯುವಾಗ ಬಾಯಿಯ ಸುತ್ತಲಿನ ಮಸಿ ಒಂದಿಷ್ಟು ಎದ್ದು ಬಂತು. ಕೆಳಗೆ ಏನೋ ಕಂಡಂತಾಯಿತು. ಬಟ್ಟೆಯಿಂದ ಒರೆಸಿದ.

ಸಿಲಿಂಡರಿನ ಬಾಯಿಯ ಸುತ್ತ, ಅಂಚಿನಿಂದ ಚೂರೇ ಚೂರು ಹೊರಗೆ, ಕೂದಲೆಳೆಯಷ್ಟು ತೆಳ್ಳಗೆ ಒಂದು ದುಂಡು ಗೆರೆ.

ದೊಡ್ಡಳಿಯ ಬಗ್ಗಿ ನೋಡಿದ. ಲೈನರ್! ಯಾವತ್ತೋ ಯಾರೋ ಈ ಒಂದು ಸಿಲಿಂಡರ್ ಕೆಟ್ಟಿತೆಂದು ಒಳಗೆ ತೆಳ್ಳನೆಯ ಕಬ್ಬಿಣದ ಕೊಳವೆ ಕೂರಿಸಿ, ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತಂದಿದ್ದಾರೆ. ಈ ಗೆರೆಯೇ ಅದರ ಅಂಚು. ಅಷ್ಟು ತೆಳು ಕೊಳವೆಯನ್ನು ಅರವತ್ತಕ್ಕೆ ಕೊರೆದರೆ ಅದು ಕಾಗದದಂತಾಗುತ್ತದೆ, ಮೆಷಿನ್ನಿನ ಹಲ್ಲಿಗೆ ಸಿಕ್ಕು ಹರಿದು ಬರುತ್ತದೆ. ಬ್ಲಾಕ್ ಹೋಯಿತು. ಡಾಕ್ಟರಮ್ಮನ ಕಾರು ಹೋಯಿತು. ಮತ್ತೆ?

ಮತ್ತೆ ಚಿಕ್ಕಳಿಯನೂ ಹೋದ.

ಈ ಕೊನೆಯ ಯೋಚನೆ ಬಂದಾಗ ದೊಡ್ಡಳಿಯನಿಗೆ ಆದದ್ದು ಖುಷಿ. ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಖುಷಿಯಾಯಿತು. ಎರಡು ದಿನ ಅಳೆದನಲ್ಲ ಮಹಾನುಭಾವ, ಮೂಗಿನ ಕೆಳಗೇ ಇದ್ದ ಗೆರೆ ಕಾಣಲಿಲ್ಲ! ಒಂದು ಕೂಗು ಹಾಕಿದರೆ ಸಾಕಿತ್ತು. 'ಬಾರಯ್ಯಾ ಇಲ್ಲಿ, ಇದನ್ನ ನೋಡು,' ಎಂದಿದ್ದರೆ ಅವನು ಬಂದು ನೋಡಿ, ಅಂಕಿ ಅಳಿಸಿ, 'ಒಳ್ಳೇದಾಯ್ತಣ್ಣ,' ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ನಾಳೆಯಿಂದ ಮತ್ತೆ ಅದೇ ಸೀಮೆಸುಣ್ಣ, ಅದೇ ಬಾಗಿಲು, ಅದೇ ದೊರೆ. ಮೆಷಿನ್ನಿನವನು ಎದುರಾಡುವಂತಿಲ್ಲ ಎಂದು ಕಟ್ಟಳೆ ಮಾಡಿದವರು ಯಾರು? ತಾನಲ್ಲವಲ್ಲ. ಮಾವ ತಾನೇ? ಅನುಭವಿಸಲಿ.

ಮೆಷಿನ್ನಿನ ಬುಡದಲ್ಲಿ ಕರ್ರಗೆ ಹೆಪ್ಪುಗಟ್ಟಿದ್ದ ಗ್ರೀಸನ್ನು ಹೆಬ್ಬೆರಳಿನಲ್ಲಿ ತೆಗೆದ. ಗೆರೆ ಕಾಣದ ಹಾಗೆ ಮೂರನೇ ಸಿಲಿಂಡರಿನ ಬಾಯಿಯ ಸುತ್ತ ಬಳಿದ. ಉಳಿದ ಮೂರರ ಮೇಲಿನ ಮಸಿ ಒರೆಸಿ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಬೇಕಾದದ್ದು ಸಿಕ್ಕಿಯಾಗಿತ್ತು, ಇನ್ನು ನೋಡುವುದೇನು?

ಊಟ ಮುಗಿಸಿ ಬಂದ ಚಿಕ್ಕಳಿಯ ಎಂದಿನಂತೆ ಬಾಗಿಲಿಗೆ ಒರಗಿ ನಿಂತ. ಇವತ್ತು ಅವನ ಮುಖ ಸ್ವಲ್ಪ ಬಾಡಿತ್ತು.

"ಅಣ್ಣ, ನೋಡಿದ್ರಾ?"

"ಏನು ನೋಡೋದು?"

"ಬ್ಲಾಕು. ಬೆರಳು ಹಾಕಿ ನೋಡಿದ್ರಾ ಅಂತ."

ದೊಡ್ಡಳಿಯ ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಇಷ್ಟು ವರ್ಷದಲ್ಲಿ ಚಿಕ್ಕಳಿಯ ಈ ಪ್ರಶ್ನೆ ಕೇಳಿದ್ದೇ ಇಲ್ಲ. ಇದು ದೇವರು ಕೊಟ್ಟ ಇನ್ನೊಂದು ಅವಕಾಶವೆಂದು ಒಳಗಿನಿಂದ ಯಾರೋ ಹೇಳಿದಂತಾಯಿತು. ಆದರೆ ಅವನ ಕಣ್ಣು ಚಿಕ್ಕಳಿಯನ ಜೇಬಿನಿಂದ ಇಣುಕುತ್ತಿದ್ದ ಸೀಮೆಸುಣ್ಣದ ಮೇಲೆ ಬಿತ್ತು.

"ನೋಡಿದೆ," ಎಂದ.

"ಮತ್ತೆ?"

"ಮತ್ತೇನು? ನೀನು ಬರೆದಿದ್ದೀಯಲ್ಲ. ಹಚ್ಚೋದು ನನ್ನ ಕೆಲಸ."

ಮೆಷಿನ್ ಹಚ್ಚಿದ. ಸದ್ದು ಕೇಳುತ್ತಲೇ ಚಿಕ್ಕಳಿಯನ ಭುಜ ಇಳಿಯಿತು. ಅವನು ಬಾಗಿಲು ಬಿಟ್ಟು ಹೋದ.

ದೊಡ್ಡಳಿಯ ಮೊದಲನೆಯದನ್ನು ಕೊರೆದ, ಎರಡನೆಯದನ್ನು ಕೊರೆದ, ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹೋದ. ಒಳ್ಳೆಯದನ್ನು ಕೊನೆಗೆ ತಿನ್ನಲು ಎತ್ತಿಟ್ಟುಕೊಳ್ಳುತ್ತಾರಲ್ಲ, ಹಾಗೆ. ಎಲ್ಲ ಮುಗಿದು ಮೂರನೆಯದರ ಸರದಿ ಬಂದಾಗ ಮಾತ್ರ, ಡಾಕ್ಟರಮ್ಮನ ಕೋಲು ಕಣ್ಣ ಮುಂದೆ ಬಂತು. ಒಂದು ಕ್ಷಣ ಕೈ ಸ್ವಿಚ್ಚಿನ ಹತ್ತಿರ ಹೋಯಿತು ಕೂಡ. ಆದರೆ ಈಗ ನಿಲ್ಲಿಸಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಗ್ರೀಸ್ ಬಳಿದದ್ದು ಯಾರೆಂದು ಕೇಳುತ್ತಾರೆ. ಕೈ ಹಿಂದೆ ಬಂತು. ಮೆಷಿನ್ನಿನ ಹಲ್ಲು ಮೆಲ್ಲಗೆ ಒಳಗಿಳಿಯಿತು.

ಈಗ ಹರಿಯುತ್ತದೆ, ಈಗ ಕಿರುಚುತ್ತದೆ ಎಂದು ಕಿವಿಗೊಟ್ಟು ನಿಂತ. ಮೆಷಿನ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಬೂದು ಬಣ್ಣದ ಪುಡಿ ಸಣ್ಣಗೆ ಉದುರುತ್ತಿತ್ತು. ಹಲ್ಲು ತಳದವರೆಗೆ ಹೋಗಿ ಮೇಲೆ ಬಂತು. ಇನ್ನೊಂದು ಸುತ್ತು. ಮತ್ತೊಂದು. ಏನೂ ಆಗಲಿಲ್ಲ. ದೊಡ್ಡಳಿಯ ಬೆರಳು ಇಳಿಸಿ ಸವರಿದ. ಒಂದೇ ಲೋಹ, ಗಟ್ಟಿ ಗೋಡೆ, ಎಲ್ಲೂ ಸೀಳಿಲ್ಲ, ಎಲ್ಲೂ ತೆಳುವಿಲ್ಲ. ನುಣ್ಣಗೆ ಕನ್ನಡಿಯಾಗಿ ಬಂದಿತ್ತು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಸೀಮೆಎಣ್ಣೆಯ ಡಬ್ಬ ತಂದು ಬ್ಲಾಕಿನ ಮೇಲ್ಮುಖಕ್ಕೆ ಸುರಿದು, ಬ್ರಷ್ಷಿನಲ್ಲಿ ಉಜ್ಜಿದ. ಮಸಿ ಹರಿದು ಹೋಯಿತು. ಮೂರನೆಯದರ ಸುತ್ತ ಆ ಗೆರೆ ಇತ್ತು. ಮೊದಲನೆಯದರ ಸುತ್ತಲೂ ಅಂಥದೇ ಗೆರೆ ಇತ್ತು. ಎರಡನೆಯದರ ಸುತ್ತ, ನಾಲ್ಕನೆಯದರ ಸುತ್ತ ಕೂಡ. ಬ್ಲಾಕಿನ ಮೇಲೆ ಮುಚ್ಚಳ ಕೂರಿಸುವಾಗ ನಡುವೆ ಹಾಕುವ ಗ್ಯಾಸ್ಕೆಟ್ಟಿನ ತಾಮ್ರದ ಉಂಗುರಗಳು, ವರ್ಷಾನುಗಟ್ಟಲೆ ಒತ್ತಿ ಒತ್ತಿ ಬಿಟ್ಟುಹೋದ ಗುರುತು. ಈ ಕಸುಬಿನಲ್ಲಿ ಎರಡು ತಿಂಗಳು ಕಳೆದವನೂ ಅದನ್ನು ಲೈನರ್ ಎನ್ನಲಾರ. ಬೇರೆ ಯಾವ ದಿನವಾದರೂ ದೊಡ್ಡಳಿಯನೇ ಅದನ್ನು ನೋಡಿ ನಕ್ಕು ಮುಂದೆ ಹೋಗುತ್ತಿದ್ದ.

ಇಂಗು ತಿಂದ ಮಂಗನ ಹಾಗೆ ಅಲ್ಲೇ ನಿಂತ. ಹಾಳಾಗಲಿ ಎಂದು ಹಚ್ಚಿದ್ದು, ನೆಟ್ಟಗಾಗಿ ಕೂತಿತ್ತು. ಅಂಕಿ ಸರಿಯಾಗಿತ್ತು. ಅವನದೇ ಸರಿ, ಯಾವಾಗಲೂ ಅವನದೇ ಸರಿ!

ಕೆಲವು ದಿನಗಳ ಮೇಲೆ ಎಂಜಿನ್ ಜೋಡಿಸಿ ಕಾರಿಗೆ ಕೂರಿಸಿದರು. ಡಾಕ್ಟರಮ್ಮ ತಾವೇ ಕೀಲಿ ತಿರುಗಿಸಿದರು. ಒಂದೆರಡು ಸಲ ಕೆಮ್ಮಿ ಎಂಜಿನ್ ಹಿಡಿದುಕೊಂಡಿತು. ಡಾಕ್ಟರಮ್ಮ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿ ಕೂತುಬಿಟ್ಟರು. ಆಮೇಲೆ ಅವರು ಕಣ್ಣೊರೆಸಿಕೊಂಡು ಕೇಳಿದರು:

"ಅರವತ್ತು ಅಂತ ಧೈರ್ಯ ಮಾಡಿದ್ದು ಯಾರಪ್ಪಾ ನಿಮ್ಮಲ್ಲಿ?"

ದೊಡ್ಡಳಿಯ ಮುಖ ಆಚೆ ತಿರುಗಿಸಿದ. ಇನ್ನು ಹೊಗಳಿಕೆ ಶುರು, ಕೇಳಿಸಿಕೊಂಡು ಸಾಯಬೇಕು ಎಂದುಕೊಂಡ.

"ಬರೆದಿದ್ದು ನಾನು ಡಾಕ್ಟರಮ್ಮ," ಎಂದ ಚಿಕ್ಕಳಿಯ. "ಆದ್ರೆ ಧೈರ್ಯ ನಂದಲ್ಲ. ಇಷ್ಟು ಹಳೇ ಬ್ಲಾಕು, ಗೋಡೆ ಎಷ್ಟು ದಪ್ಪ ಇದೆಯೋ ಏನೋ. ಬರೆದು ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಅಣ್ಣ ಬೆರಳು ಹಾಕಿ ನೋಡಿ ಮೆಷಿನ್ ಹಚ್ಚಿದ್ರು, ಆಗ ಉಸಿರು ಬಂತು."

"ಅಂದ್ರೆ?"

"ಅಂದ್ರೆ, ನಾನು ತಪ್ಪು ಬರೆದಿದ್ರೆ ಅಣ್ಣ ಹಚ್ಚೋದಿಲ್ಲ. ಅವರ ಬೆರಳಿಗೆ ತಿಳಿಯುತ್ತೆ. ಬಾಯಿಬಿಟ್ಟು ಸರಿ ಅಂತ ಹೇಳಲ್ಲ, ಅದು ಅವರ ಸ್ವಭಾವ. ಮೆಷಿನ್ ಸದ್ದು ಬಂತು ಅಂದ್ರೆ ಸರಿ ಇದೆ ಅಂತ ಲೆಕ್ಕ. ಅದಕ್ಕೇ ಪ್ರತಿ ಸಲ ಬಾಗಿಲಲ್ಲಿ ನಿಂತ್ಕೊಳ್ಳೋದು. ಸದ್ದು ಕೇಳೋವರೆಗೂ ನನ್ನ ಕಾಲು ಅಲ್ಲಿಂದ ಕೀಳಲ್ಲ."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಮಾವ ತಲೆಯೆತ್ತಿದರು. "ಮತ್ತೆ ಅವನನ್ನ ಮೆಷಿನ್ ಹತ್ರ ಯಾಕೆ ಇಟ್ಟೆ ಅಂದ್ಕೊಂಡೆ? ಎದುರಾಡಬಾರ್ದು ಅಂದದ್ದು ಬಾಯಿಗೆ, ಬೆರಳಿಗಲ್ಲ. ಅಳೆಯೋನು ಬರೀಲಿ. ಕೊನೇ ಮಾತು ಬೆರಳಿಂದು," ಎಂದರು.

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಈಗ ಹೇಳುತ್ತಾರೆ, ಪುಣ್ಯಾತ್ಮರು! ಡಾಕ್ಟರಮ್ಮ ಕಾರಿನಿಂದ ಇಳಿದು, ಕೋಲೂರಿಕೊಂಡು ದೊಡ್ಡಳಿಯನ ಹತ್ತಿರ ಬಂದು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗ್ರೀಸ್ ಬಳಿದ ಅದೇ ಬಲಗೈ. ದೊಡ್ಡಳಿಯನಿಗೆ ಕೈ ಬಿಡಿಸಿಕೊಂಡು ಓಡಿಹೋಗಬೇಕೆನಿಸಿತು.

"ಕೈ ಗ್ರೀಸಾಗಿದೆ ಅಮ್ಮ, ಬಿಡಿ," ಎಂದ.

ಅಂದು ಮನೆಗೆ ಹೋದಾಗ ಹೆಂಡತಿಯ ಮುಖ ಅರಳಿತ್ತು. ತಂಗಿಯ ಬಾಯಿಂದ ಸುದ್ದಿ ಆಗಲೇ ಬಂದಿತ್ತು. "ನೋಡಿದ್ರಾ, ನಿಮ್ಮ ಷಡ್ಡಕರು ಎಲ್ಲರೆದುರಿಗೆ ನಿಮ್ಮನ್ನ ಎಷ್ಟು ಮೇಲೆ ಕೂರಿಸಿದ್ರು! ಇನ್ನಾದ್ರೂ ಆ ಉರಿ ಬಿಡಿ," ಎಂದಳು. ಅವನು ತಟ್ಟೆಯ ಮುಂದೆ ಕೂತ. ಉರಿ ಎಲ್ಲಿ ಹೋಗುತ್ತದೆ? ಅದು ಹೋಗಲಿಲ್ಲ. ಸೀಮೆಸುಣ್ಣವನ್ನು ಬಿಟ್ಟು ಇನ್ನೊಬ್ಬನ ಮೇಲೆ ತಿರುಗಿತ್ತು. ಚಿಕ್ಕಳಿಯನ ಬಾಯಲ್ಲಿ ಒಬ್ಬ ಅಣ್ಣ ಇದ್ದನಲ್ಲ, ತಪ್ಪು ಕಂಡರೆ ಮೆಷಿನ್ ಹಚ್ಚದವನು, ಅವನಿದ್ದಾನೆಂಬ ಧೈರ್ಯದ ಮೇಲೆ ಇನ್ನೊಬ್ಬ ನೆಮ್ಮದಿಯಾಗಿ ಮಲಗಬಹುದಾದಂಥವನು, ಆ ಅಣ್ಣನನ್ನು ಕಂಡು ದೊಡ್ಡಳಿಯನಿಗೆ ಈಗ ಹೊಟ್ಟೆಕಿಚ್ಚಾಗುತ್ತಿತ್ತು.

ಮುಂದಿನ ವಾರ ಇನ್ನೊಂದು ಬ್ಲಾಕ್ ಬಂತು. ಚಿಕ್ಕಳಿಯ ಅಳೆದು, '20' ಎಂದು ಬರೆದು, ಬಾಗಿಲಿಗೆ ಒರಗಿ ನಿಂತ. ದೊಡ್ಡಳಿಯ ಮೊದಲು ಸೀಮೆಎಣ್ಣೆ ಸುರಿದು ಮೇಲ್ಮುಖವನ್ನು ಪೂರ್ತಿ ಉಜ್ಜಿದ. ಕೊರೆಯುವ ಮೊದಲು ಅವನು ಆ ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಒಂದೊಂದಕ್ಕೂ ಬೆರಳು ಇಳಿಸಿದ. ಸರಿಯಾಗಿಯೇ ಇತ್ತು. ಸರಿಯಾಗಿದೆಯಲ್ಲ ಎಂದು ಒಳಗೆ ಹಳೆಯ ಹುಳು ಒಮ್ಮೆ ಕಡಿಯಿತು. ಅವನು ಬಾಗಿಲಿನ ಕಡೆ ನೋಡಿದ. ಅಲ್ಲಿ ದೊರೆ ಯಾರೂ ಇರಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು, ತನ್ನ ಮುಖವನ್ನೇ ನೋಡುತ್ತ, ಹೆದರಿಕೊಂಡು ಒಬ್ಬ ನಿಂತಿದ್ದ.

"ಸರಿ ಇದೆ ಕಣೋ," ಎಂದ ದೊಡ್ಡಳಿಯ. ಮೆಷಿನ್ ಹಚ್ಚಲು ತಿರುಗಿದ. "ಹೋಗು. ಟೀ ಇಡು, ಬರ್ತೀನಿ."